ಹೆದಾಯತನ ಕಾರ್ಡಿನಲ್ಲಿ ಹದಿನಾಲ್ಕು ಲೀಟರ್

"ಈ ಸಲ ಪೆಟ್ರೋಲಿನ ವಿಷಯದಲ್ಲಿ ನನ್ನಿಂದ ಒಂದು ತೊಟ್ಟು ತಪ್ಪೂ ಆಗೋದಿಲ್ಲ," ಎಂದು ನೊಸ್ರತ್ ಗುರುವಾರ ಬೆಳಗಿನ ತಿಂಡಿಯ ಹೊತ್ತಿಗೆ ಘೋಷಿಸಿದ. ಘೋಷಣೆಗೆ ಬೇಕಾದ ಸಿದ್ಧತೆಯನ್ನೆಲ್ಲ ಮಾಡಿಕೊಂಡೇ ಇದ್ದ. ರೊಟ್ಟಿ, ಚೀಸು ಮುಗಿಸಿ, ಚಹಾದ ಗ್ಲಾಸನ್ನು ಪಕ್ಕಕ್ಕೆ ಸರಿಸಿ, ಗಂಟಲು ಸರಿಮಾಡಿಕೊಂಡು, ಇರಾನಿನ ಸಮಸ್ತ ತೈಲಬಾವಿಗಳೂ ತನ್ನ ಅಪ್ಪಣೆಗೆ ಕಾದಿವೆ ಎಂಬ ಗಾಂಭೀರ್ಯದಲ್ಲಿ ಮುಂದುವರಿಸಿದ.

"ನಾಲ್ಕು ಗಂಟೆಗೆ ಕುರಾನ್ ಓದು ಶುರು. ಮೂರೂ ಮುಕ್ಕಾಲಿಗೆ ನೀನು ನಿನ್ನ ತಮ್ಮನ ಗೋರಿ ಮುಂದೆ ಕೂತಿರ್ತೀಯ. ಹೆದಾಯತನ ಬೈಕು, ಹೆದಾಯತನ ಕಾರ್ಡು, ಹೆದಾಯತನ ಪೆಟ್ರೋಲು. ಯಾರ ಹಂಗೂ ಬೇಡ."

ಹೆಂಡತಿ ತೂರಾನ್ ಒಲೆಯ ಮುಂದೆ ನಿಂತು ಹಲ್ವಾಕ್ಕೆ ಹಿಟ್ಟು ಹುರಿಯುತ್ತಿದ್ದಳು. ತಿರುಗಿ ನೋಡಲಿಲ್ಲ.

"ಮೊದಲು ಹಾಕಿಸ್ಕೊಂಡು ಬನ್ನಿ. ಆಮೇಲೆ ಹೇಳಿ," ಎಂದಳು.

ಅಂದಿಗೆ ಹೆದಾಯತ್ ತೀರಿಕೊಂಡು ಒಂದು ವರ್ಷ. ಹೋದ ವರ್ಷ, ಯಜ್ದ್ ಊರಿನಲ್ಲಿ ಚಳಿ ಆಗತಾನೇ ಕಚ್ಚಲು ಶುರುಮಾಡಿದ್ದಾಗ, ಆಸ್ಪತ್ರೆಯಿಂದ ಫೋನು ಬಂದಿತ್ತು. ಬೇಗ ಬನ್ನಿ, ತೂರಾನ್ ಅಕ್ಕ ಎಲ್ಲಿ ಅಂತ ಕೇಳುತ್ತಿದ್ದಾರೆ ಎಂದಿದ್ದರು. ತೂರಾನ್ ತಲೆಯಿಂದ ಪಾದದವರೆಗೆ ಮುಚ್ಚುವ ಕರಿ ಚಾದರ ಸುತ್ತಿಕೊಂಡು ನೊಸ್ರತನ ಹಳೇ ಬೈಕಿನ ಹಿಂದೆ ಕೂತಳು. ಅರ್ಧ ದಾರಿಯಲ್ಲಿ ಬೈಕು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಪೆಟ್ರೋಲ್ ಖಾಲಿ. ಮೂರು ದಿನದಿಂದ ನಾಳೆ ಹಾಕಿಸಿದರಾಯಿತು, ನಾಳೆ ಹಾಕಿಸಿದರಾಯಿತು ಎನ್ನುತ್ತಿದ್ದವನು ನಮ್ಮ ನೊಸ್ರತನೇ. ಬಂಕಿನವರೆಗೆ ತಳ್ಳಿ, ಕ್ಯೂನಲ್ಲಿ ನಿಂತು, ಹಾಕಿಸಿಕೊಂಡು, ಆಸ್ಪತ್ರೆಯ ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ನರ್ಸು ಕೋಣೆಯಿಂದ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಿದ್ದಳು. ಕಾಲು ಗಂಟೆ ತಡ. ತಮ್ಮ ಏನು ಹೇಳಬೇಕೆಂದಿದ್ದನೋ ಅಕ್ಕನಿಗೆ ಗೊತ್ತಾಗಲೇ ಇಲ್ಲ.

ತೂರಾನ್ ಅದರ ಬಗ್ಗೆ ಅಂದು ಒಂದು ಮಾತೂ ಆಡಲಿಲ್ಲ. ಆಮೇಲೂ ಆಡಲಿಲ್ಲ. ಚಪ್ಪಲಿ ಹಾಕಿಕೊಂಡು ಕಾರ್ಪೆಟ್ಟಿನ ಮೇಲೆ ಬಂದರೆ, ಕಸದ ಚೀಲ ಹೊರಗಿಡಲು ಮರೆತರೆ, ಟೀವಿಯನ್ನು ಊರಿಗೆಲ್ಲ ಕೇಳುವಂತೆ ಇಟ್ಟರೆ ಬಾಯಿ ತುಂಬ ಬೈಯುವ ಹೆಂಗಸು. ಆ ಕಾಲು ಗಂಟೆಯ ಬಗ್ಗೆ ಮಾತ್ರ ಬಾಯಿ ಹೊಲಿದುಕೊಂಡಿದ್ದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ನೊಸ್ರತ್ ಬೈಗುಳಕ್ಕೆ ಚೆನ್ನಾಗಿ ಪಳಗಿದ್ದ, ಒಂದು ಕಿವಿಯಲ್ಲಿ ಬೈಸಿಕೊಳ್ಳುತ್ತಲೇ ಇನ್ನೊಂದರಲ್ಲಿ ರೇಡಿಯೋ ಕೇಳಬಲ್ಲವನಾಗಿದ್ದ. ಈ ಮೌನಕ್ಕೆ ಮಾತ್ರ ಪಳಗಲಿಲ್ಲ. ಆ ಹಳೇ ಬೈಕನ್ನು ಮರುವಾರವೇ ಮಾರಿಬಿಟ್ಟ. ಬೈಕು ಹೋಯಿತು, ಮೌನ ಮನೆಯಲ್ಲೇ ಉಳಿಯಿತು.

ಹೆದಾಯತನಿಗೆ ಮಕ್ಕಳಿರಲಿಲ್ಲ. ಅವನ ಬೈಕು ಅಕ್ಕನ ಮನೆಗೆ ಬಂತು, ಅದರ ಪೆಟ್ರೋಲ್ ಕಾರ್ಡೂ ಬಂತು. ನಮ್ಮಲ್ಲಿ ಪ್ರತಿ ಗಾಡಿಗೂ ಒಂದೊಂದು ಕಾರ್ಡು. ತಿಂಗಳಿಗೆ ಇಷ್ಟು ಲೀಟರ್ ಎಂದು ಅದರಲ್ಲಿ ತುಂಬುತ್ತಾರೆ. ಪಂಪಿನ ಬಾಯಿಗೆ ಕಾರ್ಡು ತುರುಕಿ ಗುಟ್ಟಿನ ನಂಬರು ಒತ್ತಿದರೆ ಮಾತ್ರ ಪೆಟ್ರೋಲು. ಟ್ಯಾಂಕು ಬರಿದಾಗಿದ್ದರೂ ಹೆದಾಯತನ ಕಾರ್ಡಿನಲ್ಲಿ ಆ ತಿಂಗಳಿಗೆ ಇನ್ನೂ ಹದಿನಾಲ್ಕು ಲೀಟರ್ ಉಳಿದಿತ್ತು. ಖಬರಸ್ತಾನಕ್ಕೆ ಹೋಗಿಬರಲು ಒಂದು ಲೀಟರ್ ಧಾರಾಳ. ತಪ್ಪಾಗುವುದಕ್ಕೆ ಎಲ್ಲಿಯೂ ಜಾಗವೇ ಇರಲಿಲ್ಲ.

ಆ ಧೈರ್ಯದಲ್ಲೇ ಹಿಂದಿನ ದಿನ ಅವನು ಷಡ್ಡಕ ಈರಜನ ಕಾರನ್ನೂ ಬೇಡವೆಂದಿದ್ದ. ಈರಜ್ ಎಂದರೆ ತೂರಾನಳ ಅಕ್ಕ ಎಸ್ಮತಳ ಗಂಡ. "ದಾರೀಲೇ ಸಿಗತ್ತಲ್ಲ ನಿಮ್ಮನೆ, ಕರ್ಕೊಂಡು ಹೋಗ್ತೀವಿ," ಎಂದು ಫೋನಿನಲ್ಲಿ ಒಂದು ಸಲ ಕೇಳಿದ. ಬೇಡ ಎಂದ. ಎರಡನೇ ಸಲ ಕೇಳಿದ. ಬೇಡ ಎಂದ. ಮೂರನೇ ಸಲವೂ ಕೇಳಿದ. ನಮ್ಮ ಊರಿನಲ್ಲಿ ಮೊದಲ ಸಲಕ್ಕೇ ಒಪ್ಪಿಕೊಳ್ಳುವವನು ಒರಟ, ಎರಡನೇ ಸಲಕ್ಕೆ ಒಪ್ಪಿಕೊಳ್ಳುವವನು ಆಸೆಬುರುಕ, ಮೂರನೇ ಸಲಕ್ಕೆ ಒಪ್ಪಿಕೊಳ್ಳುವವನು ಮರ್ಯಾದಸ್ಥ. ನೊಸ್ರತ್ ಮೂರನೇ ಸಲವೂ ಬೇಡ ಎಂದು ಮರ್ಯಾದೆಯನ್ನೂ ದಾಟಿಹೋದ.

ತಿಂಡಿಯಾದ ಕೂಡಲೇ ಬಂಕಿಗೆ ಹೋದರೆ ಹಗ್ಗ ಅಡ್ಡ ಕಟ್ಟಿದ್ದರು. ಟ್ಯಾಂಕರ್ ಬಂದಿಲ್ಲ, ಎರಡೂವರೆ ಮೇಲೆ ಬನ್ನಿ ಎಂದರು. ಎರಡೂವರೆಗೆ ಸರಿಯಾಗಿ ಅವನು ಮತ್ತೆ ಹೊರಟ. ಇಸ್ತ್ರಿ ಮಾಡಿದ ಕಪ್ಪು ಶರ್ಟು, ಜೇಬಿನಲ್ಲಿ ಕಾರ್ಡು, ತಲೆಯಲ್ಲಿ ಘೋಷಣೆ. ಕನ್ನಡಕ ಮಾತ್ರ ಟೀವಿಯ ಮೇಲೆ ಉಳಿಯಿತು.

ಬಂಕಿನಲ್ಲಿ ಬೈಕುಗಳ ಸಾಲು ರಸ್ತೆಯವರೆಗೂ ಬಂದಿತ್ತು. ಗುರುವಾರ ಮಧ್ಯಾಹ್ನವೆಂದರೆ ಊರಿಗೆ ಊರೇ ತಮ್ಮ ತಮ್ಮ ಸತ್ತವರನ್ನು ನೋಡಲು ಹೊರಡುವ ಹೊತ್ತು. ಒಬ್ಬೊಬ್ಬರ ಹ್ಯಾಂಡಲಿಗೂ ಪನ್ನೀರಿನ ಬಾಟಲು, ಖರ್ಜೂರದ ಡಬ್ಬಿ. ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು, ಮರುಭೂಮಿಯ ಕಡೆಯಿಂದ ಧೂಳುಗಾಳಿ ಬೀಸುತ್ತಿತ್ತು, ಯಾರ ಮುಖದಲ್ಲೂ ಗೆಲುವಿರಲಿಲ್ಲ. ಕಾರ್ಡಿಲ್ಲದವರಿಗೆ ಕೊಡಲು ಬಂಕಿನಲ್ಲೇ ಇರುವ ಕಾರ್ಡು ಅರ್ಧ ಗಂಟೆಯಲ್ಲೇ ಬರಿದಾಗಿದೆ ಎಂಬ ಸುದ್ದಿ ಮುಂದಿನಿಂದ ಹಿಂದಕ್ಕೆ ಬಂತು. ಅದನ್ನು ಕೇಳಿ ನೊಸ್ರತ್ ಜೇಬು ಮುಟ್ಟಿ ನೋಡಿಕೊಂಡ. ಹದಿನಾಲ್ಕು ಲೀಟರಿನ ಧಣಿ!

ಮೂರು ಗಂಟೆಗೆ ಪಂಪಿನ ಮುಂದೆ ಬಂದ. ಟ್ಯಾಂಕಿನ ಮುಚ್ಚಳ ತೆಗೆದ. ಕಾರ್ಡು ತುರುಕಿದ. ನಂಬರು ಒತ್ತಿದ. ಆಗ ಬೆನ್ನ ಹಿಂದೆ ಯಾರೋ ಕೆಮ್ಮಿದರು.

"ಹಾಜಿ, ತಪ್ಪು ತಿಳೀಬೇಡಿ."

ನೊಸ್ರತ್ ಹಜ್‌ಗೆ ಹೋದವನಲ್ಲ. ಬಟ್ಟೆ ಗಿರಣಿಯಿಂದ ನಿವೃತ್ತನಾಗಿ ಕೂದಲು ಬೆಳ್ಳಗಾದ ಮೇಲೆ ಊರೇ ಅವನನ್ನು ಹಾಜಿ ಎನ್ನತೊಡಗಿತ್ತು, ಅವನೂ ತಿದ್ದಲು ಹೋಗಿರಲಿಲ್ಲ. ತಿರುಗಿ ನೋಡಿದರೆ ಬೈಕಿನ ಮೇಲೆ ಒಬ್ಬ ಗಂಡಸು, ಹಿಂದೆ ಅವನ ಹೆಂಡತಿ, ಇಬ್ಬರ ನಡುವೆ ಕೇಸರಿ ಪಾಯಸದ ದೊಡ್ಡ ಪಾತ್ರೆ. ಆಕೆ ಪಾತ್ರೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದಳು.

"ಅಮ್ಮನ ಗೋರಿಗೆ ಹೊರಟಿದ್ವಿ. ನನ್ನ ಕಾರ್ಡು ಪಂಪಿನಲ್ಲೇ ಮರೆತು ಹೋಗಿ ಎರಡು ತಿಂಗಳಾಯ್ತು, ಹೊಸದು ಇನ್ನೂ ಬಂದಿಲ್ಲ. ನಿಮ್ಮ ಕಾರ್ಡಿನಲ್ಲಿ ಒಂಚೂರು ಸಿಗತ್ತಾ? ದುಡ್ಡು ನಾನೇ ಕೊಡ್ತೀನಿ."

"ಅಯ್ಯೋ, ಅದಕ್ಯಾಕೆ ಇಷ್ಟೊಂದು ಸಂಕೋಚ? ತಗೊಳ್ಳಿ."

"ಮೊದಲು ನೀವು ಹಾಕಿಸ್ಕೊಳ್ಳಿ ಹಾಜಿ."

ಇಲ್ಲಿ ಆಯ್ತು ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿದು, ನೊಸ್ರತ್ ಮೂರೂ ಮುಕ್ಕಾಲಿಗೆ ಗೋರಿಯ ಮುಂದಿರುತ್ತಿದ್ದ. ಆದರೆ ಎದುರಿಗೆ ಒಬ್ಬ ಹೆಂಗಸು ಪಾತ್ರೆ ಹಿಡಿದು ಕೂತಿರುವಾಗ ತಾನು ಮೊದಲು ಹಾಕಿಸಿಕೊಳ್ಳುವಂಥ ಮನೆತನದಲ್ಲಿ ಅವನು ಹುಟ್ಟಿರಲಿಲ್ಲ.

"ಎಲ್ಲಾದರೂ ಉಂಟಾ? ಮೊದಲು ನೀವು."

"ಛೆ, ಹಾಗಾಗಲ್ಲ, ನೀವು."

"ನನ್ನಾಣೆ, ನೀವು."

ಹಿಂದಿನವನು ಹಾರ್ನ್ ಹೊಡೆದ ಮೇಲೆ ಗಂಡಸು ಪೈಪು ತನ್ನ ಟ್ಯಾಂಕಿಗೆ ಇಳಿಸಿದ. ಐದು ಲೀಟರ್ ಹೋಯಿತು. ಮುಗಿದ ಮೇಲೆ ಅವನು ಎದೆಯ ಮೇಲೆ ಕೈಯಿಟ್ಟು, "ಹೇಗೆ ನಿಮ್ಮ ಋಣ ತೀರಿಸ್ಲಿ?" ಎಂದ.

"ನನಗೇನೂ ಬೇಡ. ಕಾರ್ಡು ನನ್ನ ಭಾಮೈದನದು. ತೀರಿಕೊಂಡು ಇವತ್ತಿಗೆ ವರ್ಷ. ಹೆದಾಯತ್ ಅಂತ. ಅವನಿಗೊಂದು ಫಾತಿಹಾ ಓದಿ, ಸಾಕು."

ಗಂಡ ಹೆಂಡತಿ ಅಲ್ಲೇ, ಪೆಟ್ರೋಲಿನ ವಾಸನೆಯ ನಡುವೆ, ತುಟಿ ಅಲುಗಿಸಿ ಸತ್ತವರಿಗಾಗಿ ಓದುವ ಆ ಪ್ರಾರ್ಥನೆ ಓದಿದರು. ಹೆಂಗಸು ಕಣ್ಣು ಒರೆಸಿಕೊಂಡಳು. ನೊಸ್ರತನ ಎದೆಯಲ್ಲಿ ಒಂದು ವರ್ಷದಿಂದ ಕೂತಿದ್ದ ಏನೋ ಒಂದು ಕೂದಲೆಳೆಯಷ್ಟು ಅಲುಗಾಡಿತು. ಆ ಕಾಲು ಗಂಟೆಯಲ್ಲಿ ಒಂದೆರಡು ನಿಮಿಷ ಕಡಿಮೆಯಾದಂತೆ ಅವನಿಗೆ ಅನ್ನಿಸಿತು. ನಿಜ ಹೇಳಬೇಕೆಂದರೆ ಅವನು ಕೆಟ್ಟದ್ದು ಆ ಗಳಿಗೆಯಲ್ಲೇ.

ಅವರು ಹೋದರೋ ಇಲ್ಲವೋ, ಮೈಯೆಲ್ಲ ಸಿಮೆಂಟಾಗಿದ್ದ ಟೈಲ್ಸ್ ಹಾಕುವವನೊಬ್ಬ ಮುಂದೆ ಬಂದ. "ಹಾಜಿ, ನನಗೂ ಒಂದಿಷ್ಟು? ಅಪ್ಪನ ಹತ್ರ ಹೋಗಬೇಕು. ತಫ್ತ್ ಊರಿನ ದಾರೀಲಿ ಕೆಲಸ, ಅಲ್ಲಿಂದ ಹೀಗೇ ಬರ್ತಾ ಇದ್ದೀನಿ."

"ತಗೊಳಪ್ಪ. ಇಲ್ಲಿ ಏನು ಕಡಿಮೆಯಾಗಿದೆ?"

"ಎಷ್ಟುಳಿದಿದೆ ನೋಡ್ಲಾ? ಅಲ್ಲಿ ಬರ್ತಾ ಇದೆ."

ಪಂಪಿನ ಪುಟ್ಟ ಗಾಜಿನಲ್ಲಿ ಏನೋ ಬರುತ್ತಿತ್ತು. ಕನ್ನಡಕವಿಲ್ಲದ ನೊಸ್ರತನಿಗೆ ಅಲ್ಲಿ ನಾಲ್ಕು ನೊಣ ಕೂತಂತೆ ಕಾಣಿಸಿತು. "ಲೆಕ್ಕ ಯಾಕೆ ನೋಡ್ತೀಯ? ಇದು ಮುಗಿಯೋ ಕಾರ್ಡಲ್ಲ," ಎಂದ.

"ನಂಬರು?"

ನೊಸ್ರತನ ಒಂದು ಕೈಯಲ್ಲಿ ತನ್ನ ಬೈಕು, ಇನ್ನೊಂದರಲ್ಲಿ ಟ್ಯಾಂಕಿನ ಮುಚ್ಚಳ. ಗಾಳಿ ಬೇರೆ ಜೋರಾಗಿತ್ತು. "ಒಂದು ಮೂರು ನಾಲ್ಕು ಒಂದು," ಎಂದು ಕೂಗಿ ಹೇಳಿದ. ಅದು ನಮ್ಮ ಇರಾನಿ ಪಂಚಾಂಗದ ಲೆಕ್ಕದಲ್ಲಿ ತೂರಾನ್ ಹುಟ್ಟಿದ ವರ್ಷ. ಹೆದಾಯತ್ ಮರೆಯಬಾರದ ನಂಬರೆಂದು ಅಕ್ಕನ ವರ್ಷವನ್ನೇ ಇಟ್ಟುಕೊಂಡಿದ್ದ. ಬೀದಿಯಲ್ಲಿ ಎಲ್ಲರಿಗೂ ತನಗೆ ಇನ್ನೂ ಐವತ್ತೈದು ಎಂದು ಹೇಳಿಕೊಂಡಿದ್ದ ತೂರಾನಳಿಗೆ ಅರವತ್ತು ದಾಟಿದೆ ಎಂಬುದು ಈಗ ಎರಡೂ ಸಾಲಿನ ಬೈಕುಗಳಿಗೆ ಗೊತ್ತಾಯಿತು.

ಆಗಲೇ ಅವಳ ಫೋನು ಬಂತು.

"ಎಲ್ಲಿದ್ದೀರ?"

"ಪಂಪಿನ ಮುಂದೇ ನಿಂತಿದ್ದೀನಿ."

"ಹಾಕ್ತಾ ಇದ್ದಾರಾ?"

"ಹಾಕ್ತಾ ಇದ್ದಾರೆ," ಎಂದ ನೊಸ್ರತ್. ಅದು ಸುಳ್ಳಾಗಿರಲಿಲ್ಲ.

ಟೈಲ್ಸಿನವನು ಐದು ಲೀಟರ್ ತುಂಬಿಕೊಂಡು, ಸಿಮೆಂಟು ಕೈ ಎತ್ತಿ ಹೆದಾಯತನಿಗೆ ಫಾತಿಹಾ ಓದಿ, ಹೊರಟುಹೋದ. ನೊಸ್ರತ್ ಮನಸ್ಸಿನಲ್ಲೇ ಲೆಕ್ಕದಿಂದ ಇನ್ನೊಂದೆರಡು ನಿಮಿಷ ಕಳೆದ. ಹೀಗೇ ಹೋದರೆ ಸಂಜೆಯೊಳಗೆ ಆ ಕಾಲು ಗಂಟೆಯನ್ನು ಪೂರ್ತಿ ಅಳಿಸಿಹಾಕಬಹುದು ಎಂಬ ಹುಚ್ಚು ಲೆಕ್ಕ ತಲೆಯಲ್ಲಿ ಓಡುತ್ತಿತ್ತು.

ಮೂರನೆಯವನು ಕೇಳುವುದಕ್ಕೂ ಸಂಕೋಚಪಡಲಿಲ್ಲ. ಕಪ್ಪು ಕೋಟು, ಒಪ್ಪವಾದ ಗಡ್ಡ, ಬೈಕಿನ ಹಿಂದೆ ಹಗ್ಗದಲ್ಲಿ ಬಿಗಿದ ಧ್ವನಿವರ್ಧಕ. ಗೋರಿಗಳ ಮುಂದೆ ಕುರಾನ್ ಓದಿ ದುಃಖದ ಪದ ಹೇಳುವವನು ಎಂದು ಯಾರಾದರೂ ಹೇಳಬಹುದಿತ್ತು. ಗುರುವಾರ ಇವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಹಾಜಿಗೆ ಗೌರವದ 'ಆಗಾ' ಸೇರಿಸಿಯೇ ಅವನು ಮಾತು ಶುರುಮಾಡಿದ.

"ಹಾಜ್ ಆಗಾ, ನನ್ನ ಕಾರ್ಡು ಇವತ್ತೇ ಮುಗೀಬೇಕಾ? ನಾಲ್ಕಕ್ಕೊಂದು ಗೋರಿ, ನಾಲ್ಕೂವರೆಗೆ ಇನ್ನೊಂದು, ಐದಕ್ಕೆ ಮತ್ತೊಂದು. ಇಲ್ಲಿಂದ ಪೆಟ್ರೋಲ್ ಸಿಗದೆ ನಡ್ಕೊಂಡು ಹೋದ್ರೆ ಮೊದಲನೇದಕ್ಕೇ ಅರ್ಧ ಗಂಟೆ ತಡ ಆಗತ್ತೆ. ಮನೆಯವರು ಕಾಯ್ತಾ ಕೂತಿರ್ತಾರೆ."

"ನಮ್ಮದೂ ನಾಲ್ಕಕ್ಕೇ ಇದೆ."

"ಎಲ್ಲರದ್ದೂ ನಾಲ್ಕಕ್ಕೇ ಹಾಜ್ ಆಗಾ. ಅದೇ ನನ್ನ ಕಷ್ಟ."

"ಕಾಯ್ತಾ ಕೂರೋರ ಸಂಕಟ ನನಗೆ ಗೊತ್ತು," ಎಂದ ನೊಸ್ರತ್. "ಹಾಕಿಸ್ಕೊಳ್ಳಿ. ಯಾರೂ ತಡವಾಗಿ ಹೋಗಬಾರದು."

ಓದುವವನು ಹಾಕಿಸಿಕೊಂಡ. ನಾಲ್ಕು ಲೀಟರ್ ಆಗುತ್ತಿದ್ದಂತೆ ಪಂಪು ಟಕ್ ಎಂದು ನಿಂತಿತು. ಅಷ್ಟು ಸಾಕು ಎಂದು ಅವನು ಪೈಪು ತೂಗುಹಾಕಿ, ಕಾರ್ಡನ್ನು ನೊಸ್ರತನ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಫಾತಿಹಾ ಓದಿದ. ವೃತ್ತಿಯವನಾದ್ದರಿಂದ ಬಹಳ ಸೊಗಸಾಗಿ ಓದಿದ. ಬಂಕಿನಲ್ಲಿ ನಾಲ್ಕು ಜನ ತಲೆ ತಗ್ಗಿಸಿದರು. ನೊಸ್ರತನ ಕಣ್ಣಲ್ಲಿ ನೀರು ಬಂತು. ಓದುವವನು ಧೂಳೆಬ್ಬಿಸಿಕೊಂಡು ಹೋದ.

ಈಗ ನೊಸ್ರತನ ಸರದಿ. ಕಣ್ಣು ಒರೆಸಿಕೊಂಡು, ಪೈಪು ತನ್ನ ಟ್ಯಾಂಕಿಗಿಟ್ಟು, ಕಾರ್ಡು ತುರುಕಿ, ನಂಬರು ಒತ್ತಿದ. ಪಂಪು ಪೀಂ ಎಂದಿತು. ಮತ್ತೆ ಒತ್ತಿದ. ಮತ್ತೆ ಪೀಂ ಎಂದಿತು.

ದುಡ್ಡು ತೆಗೆದುಕೊಳ್ಳುವ ಬಂಕಿನವನು ಬಗ್ಗಿ ಗಾಜು ನೋಡಿದ. ಜೀವನದಲ್ಲಿ ಒಳ್ಳೆಯ ಸುದ್ದಿಯನ್ನೇ ಹೇಳಿ ಗೊತ್ತಿಲ್ಲದ ಮುಖ ಅವನದು. "ಖಾಲಿ," ಎಂದ.

"ಯಾವುದು ಖಾಲಿ?"

"ಕಾರ್ಡು. ಮುಂದಿನ ತಿಂಗಳವರೆಗೆ ಒಂದು ತೊಟ್ಟೂ ಇಲ್ಲ."

"ಹದಿನಾಲ್ಕು ಲೀಟರ್ ಇತ್ತಲ್ಲಪ್ಪ?"

"ಇತ್ತು. ನಾನೂ ನೋಡ್ತಾನೇ ಇದ್ದೆ. ಪುಣ್ಯದ ಕೆಲಸಕ್ಕೆ ಅಡ್ಡ ಬರಬಾರದು ಅಂತ ಸುಮ್ನಿದ್ದೆ."

ನೊಸ್ರತ್ ಸಾಲಿನ ಕಡೆ ತಿರುಗಿದ. ಇಷ್ಟು ಹೊತ್ತು ಅವನನ್ನೇ ಆಸೆಯಿಂದ ನೋಡುತ್ತಿದ್ದವರೆಲ್ಲ ಈಗ ಪನ್ನೀರಿನ ಬಾಟಲಿನ ಚೀಟಿ ಓದುತ್ತಿದ್ದರು. ಪಕ್ಕದ ಸಾಲಿನಲ್ಲಿ ಮಾತ್ರ, ಹೆಗಲಿಗೆ ಪೈಪಿನ ಸುರುಳಿ ಹಾಕಿಕೊಂಡಿದ್ದ ಪ್ಲಂಬರೊಬ್ಬ ಎಲ್ಲವನ್ನೂ ಕಂಡು ತನ್ನ ಕಾರ್ಡು ಮುಂದೆ ಚಾಚಿದ.

"ಹಾಜಿ, ಇದರಲ್ಲಿ ಹಾಕಿಸ್ಕೊಳ್ಳಿ."

ನೊಸ್ರತನಿಗೆ ಹೋದ ಜೀವ ಬಂದಷ್ಟಾಯಿತು. ಆದರೆ ಬಾಯಿ ಅವನದೇ ಆದರೂ ಮಾತು ಅಪ್ಪ ಅಜ್ಜಂದಿರದು. "ಅಯ್ಯೋ ಬೇಡಿ, ನಿಮ್ಮ ಕೈಗೆ ನೋವಾಗದಿರಲಿ," ಎಂದು ನಮ್ಮ ಕಡೆಯ ಧನ್ಯವಾದ ಹೇಳಿದ.

"ಪರವಾಗಿಲ್ಲ, ತಗೊಳ್ಳಿ. ಬೇಕಾದಷ್ಟಿದೆ."

"ಇಲ್ಲ ಇಲ್ಲ, ನಿಮಗ್ಯಾಕೆ ತೊಂದರೆ. ನನಗೇನೂ ಅಂಥ ಅವಸರ ಇಲ್ಲ."

ಎರಡು ಸಲ ಆಯಿತು. ಮೂರನೇ ಸಲಕ್ಕೆ, ಇಷ್ಟು ಒತ್ತಾಯ ಮಾಡ್ತೀರ ಅಂದಮೇಲೆ, ಎಂದು ಶುರುಮಾಡುವುದಕ್ಕೆ ನೊಸ್ರತ್ ತುಟಿ ತೆರೆದಿಟ್ಟುಕೊಂಡು ಕಾದ.

"ಸರಿ ಹಾಗಾದ್ರೆ. ದೇವರು ಒಳ್ಳೇದು ಮಾಡ್ಲಿ," ಎಂದು ಪ್ಲಂಬರ್ ಕಿಕ್ ಹೊಡೆದು ಹೊರಟೇಹೋದ.

ನೊಸ್ರತ್ ಅವನ ಬೆನ್ನನ್ನೇ ನೋಡುತ್ತ ನಿಂತ. "ಇನ್ನೊಂದು ಸಲ ಕೇಳಿದ್ರೆ ಒಪ್ಕೊಳ್ತಿದ್ದೆನಲ್ಲಪ್ಪ," ಎಂದು ಬಂಕಿನವನ ಹತ್ತಿರ ಅಲವತ್ತುಕೊಂಡ.

"ಅವನು ತೆಹ್ರಾನಿನವನು ಹಾಜಿ," ಎಂದ ಬಂಕಿನವನು. "ಅವರು ಎರಡೇ ಸಲ ಕೇಳೋದು."

ಮನೆಯವರೆಗೆ ತಳ್ಳಿಕೊಂಡು ಬರುವಾಗ ಬೈಕು ಹೋದ ವರ್ಷದ ಬೈಕಿಗಿಂತ ಭಾರವಾಗಿತ್ತು. ಓಣಿಯ ಬಾಯಲ್ಲಿ ತೂರಾನ್ ಕರಿ ಚಾದರದಲ್ಲಿ ನಿಂತಿದ್ದಳು. ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಹಲ್ವಾದ ತಟ್ಟೆ. ಗಂಡ ದೂರದಲ್ಲಿ ಕಂಡಾಗಿನಿಂದ ಹತ್ತಿರ ಬರುವವರೆಗೂ ಅವಳು ಅವನ ಮುಖ ನೋಡಲಿಲ್ಲ, ಬೈಕಿನ ಚಕ್ರ ನೋಡಿದಳು.

"ಪೆಟ್ರೋಲ್ ಹಾಕಿಸಿದ್ರಾ?"

"ಹಾಕಿಸ್ದೆ."

"ಮತ್ಯಾಕೆ ತಳ್ತಾ ಇದ್ದೀರ?"

"ಬೇರೆಯವರಿಗೆ ಹಾಕಿಸ್ದೆ."

ತೂರಾನ್ ಹೆಗಲ ಚೀಲದಿಂದ ಫೋನು ತೆಗೆದಳು. ಅಕ್ಕ ಎಸ್ಮತಳಿಗೆ ಫೋನು ಮಾಡಿದಳು, ರಿಂಗಾಯಿತು, ಯಾರೂ ಎತ್ತಲಿಲ್ಲ. ಗೋರಿಗಳ ನಡುವೆ ಹೋದಮೇಲೆ ಫೋನುಗಳೆಲ್ಲ ಚೀಲದೊಳಗೆ ಹೋಗಿರುತ್ತವೆ. ಶೇರ್ ಟ್ಯಾಕ್ಸಿಗಳು ಒಂದರ ಹಿಂದೊಂದು ಬಂದವು, ಒಂದೊಂದರಲ್ಲೂ ಕಿಟಕಿಗೆ ಅಂಟಿಕೊಂಡ ಕಪ್ಪು ಚಾದರಗಳು, ಮಡಿಲಲ್ಲಿ ತಟ್ಟೆಗಳು. ಯಾವುದೂ ನಿಲ್ಲಲಿಲ್ಲ. ಕೊನೆಗೆ ಅವಳು ತಟ್ಟೆಯನ್ನು ಬೈಕಿನ ಸೀಟಿನ ಮೇಲಿಟ್ಟಳು.

"ನಡೀರಿ," ಎಂದಳು.

ಹೀಗೆ ಆ ಮೆರವಣಿಗೆ ಹೊರಟಿತು. ಹೆದಾಯತನ ಬೈಕಿನ ಮೇಲೆ ಹೆದಾಯತನ ಹಲ್ವಾ ಆರಾಮವಾಗಿ ಸವಾರಿ ಮಾಡುತ್ತಿತ್ತು. ಒಂದು ಕಡೆ ನೊಸ್ರತ್ ಹ್ಯಾಂಡಲ್ ಹಿಡಿದು ತಳ್ಳುತ್ತಿದ್ದ, ಇನ್ನೊಂದು ಕಡೆ ತೂರಾನ್ ತಟ್ಟೆ ಜಾರದಂತೆ ಕೈಯಿಟ್ಟು ನಡೆಯುತ್ತಿದ್ದಳು. ಖಬರಸ್ತಾನ ನಲವತ್ತು ನಿಮಿಷದ ದಾರಿ. ಗಾಳಿ ಎದುರಿನಿಂದ ಬೀಸುತ್ತಿತ್ತು. ಬೀದಿಯಲ್ಲಿ ಎದುರಾದ ಮುದುಕನೊಬ್ಬ ಹಲ್ವಾ ಕಂಡು, "ದೇವರು ನಿಮ್ಮ ಸತ್ತವರನ್ನ ಕ್ಷಮಿಸ್ಲಿ," ಎಂದು ನಿಂತ. ನೊಸ್ರತನ ಕೈ ತಾನಾಗಿಯೇ ಬಟ್ಟೆ ಸರಿಸಲು ಹೋಯಿತು.

"ಕೈ ತೆಗೀರಿ," ಎಂದಳು ತೂರಾನ್. "ಹಲ್ವಾನಾದ್ರೂ ಅಲ್ಲೀವರೆಗೆ ಬರ್ಲಿ."

ಅರ್ಧ ದಾರಿಯಲ್ಲಿ, ಹೋದ ವರ್ಷ ಬೈಕು ನಿಂತಿದ್ದ ಔಷಧಿ ಅಂಗಡಿಯ ಮುಂದೆ ಬಂದಾಗ, ನೊಸ್ರತನಿಗೆ ತಡೆದುಕೊಳ್ಳಲಾಗಲಿಲ್ಲ.

"ತೂರಾನ್, ಅವರೆಲ್ಲ ಹೆದಾಯತನಿಗೆ ಫಾತಿಹಾ ಓದಿದ್ರು. ಒಬ್ಬೊಬ್ಬರು ಓದಿದಾಗಲೂ ನನಗೆ ಆ ಕಾಲು ಗಂಟೆ ಸ್ವಲ್ಪ ಕಡಿಮೆ ಆದ ಹಾಗೆ ಅನ್ನಿಸ್ತು. ಅದಕ್ಕೇ ಕೊಡ್ತಾ ಹೋದೆ."

ತೂರಾನ್ ಹತ್ತು ಹೆಜ್ಜೆ ನಡೆದಳು.

"ಆ ಕಾಲು ಗಂಟೆ ನನ್ನದು," ಎಂದಳು. "ನೀವು ಹೇಗೆ ಕಡಿಮೆ ಮಾಡ್ತೀರ?"

ಒಂದು ವರ್ಷದಲ್ಲಿ ಅದರ ಬಗ್ಗೆ ಅವಳು ಆಡಿದ ಮೊದಲ ಮಾತು ಅದು. ಬೈಗುಳಕ್ಕೆ ಹಂಬಲಿಸಿದ್ದ ನೊಸ್ರತನಿಗೆ ಈಗ ಅದು ಬೇಡವಾಗಿತ್ತು. ತಲೆ ತಗ್ಗಿಸಿ ತಳ್ಳಿದ.

ಖಬರಸ್ತಾನ ಮುಟ್ಟುವಾಗ ನಾಲ್ಕೂ ಕಾಲು ದಾಟಿತ್ತು. ಸೂರ್ಯ ಗೋಡೆಯಾಚೆ ಇಳಿಯುತ್ತಿದ್ದ. ಹೆದಾಯತನ ಕಲ್ಲು ತೊಳೆದು ಒದ್ದೆಯಾಗಿತ್ತು, ಅದರ ಮೇಲೆ ಹೂವಿನ ಎಸಳು. ಎಸ್ಮತ್ ಜಮಖಾನೆ ಮಡಿಸುತ್ತಿದ್ದಳು. ಈರಜ್ ಖಾಲಿ ಚಹಾ ಗ್ಲಾಸುಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ.

"ಎಲ್ಲಿ ಹೋಗಿದ್ರೇ? ಎಷ್ಟು ಕಾದ್ವಿ," ಎಂದಳು ಎಸ್ಮತ್ ತಂಗಿಯನ್ನು ತಬ್ಬಿಕೊಂಡು. "ಓದುವವರು ನಾಲ್ಕು ಗಂಟೆಗೆ ಗಡಿಯಾರ ಹೊಡೆದ ಹಾಗೆ ಬಂದುಬಿಟ್ರು. ತಂಗಿ ಬರ್ಲಿ ಸ್ವಲ್ಪ ತಡೀರಿ ಅಂದ್ರೆ, ನಾಲ್ಕೂವರೆಗೆ ಇನ್ನೊಂದು ಗೋರಿ ಇದೆ ಅಂತ ಓದಿ ಮುಗಿಸಿ ಹೋದ್ರು. ಪಾಪ, ಅವರಿಗೂ ಪೆಟ್ರೋಲಿರಲಿಲ್ವಂತೆ. ಬಂಕಿನಲ್ಲಿ ಯಾರೋ ಪುಣ್ಯಾತ್ಮ ತನ್ನ ಕಾರ್ಡು ಕೊಟ್ಟನಂತೆ. ಇಲ್ಲದಿದ್ರೆ ಅರ್ಧ ಗಂಟೆ ತಡ ಆಗ್ತಿತ್ತಂತೆ."

ನೊಸ್ರತ್ ಬಗ್ಗಿ ಬೈಕಿನ ಮುರಿದ ಸ್ಟ್ಯಾಂಡನ್ನು ನೋಡತೊಡಗಿದ.

"ಹಾಗೇನಾದ್ರೂ ತಡ ಆಗಿದ್ರೆ ನೀನೂ ಸಿಗ್ತಿದ್ದೆ ನೋಡು," ಎಂದು ಎಸ್ಮತ್ ನಿಟ್ಟುಸಿರಿಟ್ಟಳು. "ಧ್ವನಿವರ್ಧಕ ಬೇರೆ ತಂದಿದ್ರು. ಎಷ್ಟು ಚೆನ್ನಾಗಿ ಓದಿದ್ರು ಗೊತ್ತಾ?"

"ಗೊತ್ತು," ಎಂದುಬಿಟ್ಟ ನೊಸ್ರತ್.

ತೂರಾನ್ ನಿಧಾನವಾಗಿ ಅವನ ಕಡೆ ತಿರುಗಿದಳು. ಮೂವತ್ತೈದು ವರ್ಷ ಒಬ್ಬನ ಜೊತೆ ಬಾಳಿದವಳಿಗೆ ಅವನ ಕಿವಿ ಕೆಂಪಾದರೆ ಸಾಕು, ಉಳಿದ ಕಥೆ ಯಾರೂ ಹೇಳಬೇಕಾಗಿಲ್ಲ. ನೊಸ್ರತ್ ಗೋರಿಯ ಕಲ್ಲಿನ ಮೇಲಿನ ಹೆಸರನ್ನು ಇದೇ ಮೊದಲು ನೋಡುವವನಂತೆ ಅಕ್ಷರ ಅಕ್ಷರವಾಗಿ ಓದಲು ಪ್ರಯತ್ನಿಸಿದ. ಕನ್ನಡಕವಿಲ್ಲದೆ ಅದೂ ಕಾಣಿಸಲಿಲ್ಲ.

ತೂರಾನ್ ಒದ್ದೆ ಕಲ್ಲಿನ ಪಕ್ಕ ಮಂಡಿಯೂರಿದಳು. ಎರಡು ಬೆರಳನ್ನು ಕಲ್ಲಿನ ಮೇಲಿಟ್ಟಳು. ಫಾತಿಹಾ ಓದಿ ಮುಗಿಸಿದ ಮೇಲೆ ತಮ್ಮನ ಹತ್ತಿರ ಮೆಲ್ಲಗೆ ಮಾತಾಡಿದಳು, ಆದರೂ ನೊಸ್ರತನಿಗೆ ಕೇಳಿಸಿತು.

"ಈ ಸಲವೂ ತಡ ಆಯ್ತು ಕಣೋ ಹೆದಾಯತ್. ನಿನ್ನ ಪೆಟ್ರೋಲಲ್ಲಿ ಓದುವವರು ಸರಿಯಾದ ಹೊತ್ತಿಗೆ ಬಂದ್ರು. ನಿನ್ನಕ್ಕ ಬರಲಿಲ್ಲ." ಕಲ್ಲಿನ ಮೇಲಿನ ಎಸಳು ಸರಿಸಿ, "ಭಾವನ ಮೇಲೆ ಕೋಪ ಮಾಡ್ಕೋಬೇಡ. ಅವರ ಹಣೇಬರಹವೇ ಅಷ್ಟು," ಎಂದಳು.

ಆಮೇಲೆ ಅತ್ತಳು. ಹೋದ ವರ್ಷ ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಅಳದಿದ್ದುದನ್ನೂ ಸೇರಿಸಿ ಅತ್ತಳು. ನೊಸ್ರತ್ ಎರಡು ಹೆಜ್ಜೆ ಹಿಂದೆ ಬೈಕು ಹಿಡಿದುಕೊಂಡು ನಿಂತಿದ್ದ. ನಿಲ್ಲಿಸುವ ಸ್ಟ್ಯಾಂಡು ಮುರಿದಿದ್ದರಿಂದ ಅವನಿಗೆ ಹೋಗಿ ಅವಳ ಪಕ್ಕ ಕೂರುವುದಕ್ಕೂ ಆಗಲಿಲ್ಲ, ಅಲ್ಲಿಂದಲೇ ಅತ್ತ.

ಕತ್ತಲಾಗುತ್ತ ಬಂತು. ಈರಜ್ ಕಾರಿನ ಬೀಗದಕೈ ಕುಲುಕುತ್ತ, "ಬನ್ನಿ ನೊಸ್ರತ್ ಆಗಾ, ಮನೇವರೆಗೆ ಬಿಡ್ತೀವಿ," ಎಂದ.

ನೊಸ್ರತನ ಬಾಯಿ ಅಭ್ಯಾಸದಂತೆ ಬೇಡ ಎನ್ನಲು ತೆರೆಯಿತು. ಪ್ಲಂಬರನ ಬೆನ್ನು ಕಣ್ಣ ಮುಂದೆ ಬಂತು. ಹುಟ್ಟಿದಾರಭ್ಯ ಮಾಡದ ಕೆಲಸವನ್ನು ಅವನು ಅಂದು ಮಾಡಿದ.

"ಬರ್ತೀವಿ," ಎಂದ, ಮೊದಲ ಸಲಕ್ಕೇ.

ಈರಜನ ಕೈಯಲ್ಲಿ ಬೀಗದಕೈ ನಿಂತುಬಿಟ್ಟಿತು. ಅವನು ಎಲ್ಲರಂತೆ ಬಾಯುಪಚಾರಕ್ಕೆ ಕೇಳಿದ್ದ. ಕಾರಿನಲ್ಲಿ ಆಗಲೇ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು, ಜಮಖಾನೆ, ಚಹಾದ ಸಮೋವರ್ ತುಂಬಿಕೊಂಡಿದ್ದವು. ಅವನು ಒಮ್ಮೆ ಹೆಂಡತಿಯ ಮುಖ ನೋಡಿದ, ಒಮ್ಮೆ ಕಾರಿನ ಮುಖ ನೋಡಿದ. ಕೊನೆಗೆ ಅಳಿಯ ಸಮೋವರನ್ನು ತೊಡೆಯ ಮೇಲಿಟ್ಟುಕೊಂಡ, ಮೊಮ್ಮಕ್ಕಳು ಒಬ್ಬರ ಮೇಲೊಬ್ಬರು ಕೂತರು, ಹಿಂದಿನ ಸೀಟಿನಲ್ಲಿ ಒಬ್ಬರು ಅರ್ಧ ಕೂರುವಷ್ಟು ಜಾಗ ಹುಟ್ಟಿತು.

ತೂರಾನ್ ಕೂತಳು. ಬಾಗಿಲು ಮುಚ್ಚಿತು, ನೊಸ್ರತ್ ಬೈಕು ಹಿಡಿದುಕೊಂಡು ಹೊರಗೇ ಉಳಿದ. ಕಾರು ಹೊರಡುವ ಮೊದಲು ಕಿಟಕಿಯ ಗಾಜು ಇಳಿಯಿತು. ಚಾದರದೊಳಗಿನಿಂದ ಕೈ ಹೊರಗೆ ಬಂತು, ಅದರಲ್ಲಿ ಅವನ ಕನ್ನಡಕವಿತ್ತು. ಮಧ್ಯಾಹ್ನದಿಂದ ಅವಳ ಚೀಲದಲ್ಲೇ ಇತ್ತು.

"ಹಾಕ್ಕೊಳ್ಳಿ. ದಾರೀಲಿ ಹಳ್ಳ ಇದೆ," ಎಂದಳು. ಕಣ್ಣು ಇನ್ನೂ ಕೆಂಪಾಗಿತ್ತು, ಆದರೆ ದನಿಯಲ್ಲಿ ವರ್ಷದಿಂದ ಕಾಣೆಯಾಗಿದ್ದ ಹಳೆಯ ಖಾರ ಸ್ವಲ್ಪ ಮರಳಿತ್ತು. "ಇನ್ನೊಂದು ಮಾತು ನೊಸ್ರತ್ ಆಗಾ. ದಾರೀಲಿ ಯಾರಾದ್ರೂ ಪೆಟ್ರೋಲ್ ಕೇಳಿದ್ರೆ, ಇಲ್ಲ ಅನ್ನಿ."